ಮಗುಚಿದ ಮುಖ

ಆ ಅಂಗಡಿಯಲ್ಲಿ ಎಲ್ಲರೂ ಅವಳನ್ನು ಇಲಿ ಎಂದೇ ಕರೆಯುತ್ತಿದ್ದರು. ಹೆಸರಿಟ್ಟವಳು ಅತ್ತೆ, ಸೋದರಮಾವನ ಹೆಂಡತಿ. ಕನ್ನಡಿಯ ಬೆನ್ನ ಹಿಂದೆ ಕೂತು ಬೆಳಗಿನಿಂದ ಸಂಜೆಯವರೆಗೆ ಕರಕರ ಕೆರೆಯುವ ಹುಡುಗಿಗೆ ಇನ್ನೇನಂತ ಹೆಸರಿಡುವುದು ಎಂಬುದು ಅವಳ ವಾದ. ಇಲಿಗೂ ಅದರ ಬಗ್ಗೆ ತಕರಾರಿರಲಿಲ್ಲ. ಮಾತಾಡದೆ ಇರಲು ಬಿಟ್ಟರೆ ಸಾಕು, ಯಾವ ಹೆಸರಾದರೂ ಅವಳಿಗೆ ಸರಿಯೇ.

ಅಂಗಡಿ ಆ ಮಾವನದು. ಬಾರುಗಳಿಗೆ ದೀಪದ ಕನ್ನಡಿ ಮಾಡುವುದು ಅವನ ಕಸುಬು. ಕನ್ನಡಿಯ ಬೆನ್ನಿಗೆ ಬಳಿದ ಬೂದುಬಣ್ಣವನ್ನೂ ಅದರಡಿಯ ಬೆಳ್ಳಿಯ ಲೇಪವನ್ನೂ ಚಿತ್ರ ಬೇಕಾದ ಕಡೆ ಮಾತ್ರ ಕೆರೆದು ತೆಗೆಯಬೇಕು. ಆ ಜಾಗಕ್ಕೆ ಹಿಂದಿನಿಂದ ಬಣ್ಣ ಹಚ್ಚಿ, ಹಾಲುಬಿಳುಪಿನ ಹಾಳೆ ಹೊದಿಸಿ, ಮರದ ಪೆಟ್ಟಿಗೆಯಲ್ಲಿ ಕೂರಿಸಿ ಒಳಗೆ ದೀಪ ಹಾಕಿದರೆ ಆಯಿತು. ಎದುರು ಕುಡಿಯುತ್ತ ಕೂತವನಿಗೆ ಕನ್ನಡಿಯಲ್ಲಿ ತನ್ನ ಮುಖವೂ ಕಾಣುತ್ತದೆ, ಮುಖದ ಪಕ್ಕದಲ್ಲೇ ಹೊಳೆಯುವ ದ್ರಾಕ್ಷಿ ಗೊಂಚಲೂ ಕಾಣುತ್ತದೆ. ಆದರೆ ಕೈತಪ್ಪಿ ಒಂದು ಗೆರೆ ಹೆಚ್ಚಿಗೆ ಕೆರೆದರೆ ಮುಗಿಯಿತು. ಹೋದ ಬೆಳ್ಳಿಯನ್ನು ಯಾರೂ ತಂದು ಅಂಟಿಸಲಾರರು.

ಹಿಂದಿನಿಂದ ಮಾಡುವ ಕೆಲಸವಾದ್ದರಿಂದ ಚಿತ್ರದ ಟ್ರೇಸಿಂಗ್ ಹಾಳೆಯನ್ನು ಗಾಜಿನ ಮೇಲೆ ಮಗುಚಿ ಹಾಕಬೇಕು. ಇಲ್ಲದಿದ್ದರೆ ಬಲಕ್ಕೆ ಹೊರಟ ಹಡಗು ಮುಂದಿನಿಂದ ನೋಡಿದಾಗ ಎಡಕ್ಕೆ ಹೊರಟಿರುತ್ತದೆ. ಕೆಲಸಕ್ಕೆ ಸೇರಿದ ದಿನ ಮಾವ ಹೇಳಿಕೊಟ್ಟ ಮೊದಲ ಪಾಠವೇ ಅದು. ಈಗ ಇಲಿಯ ಕೈಗೆ ಅದು ಎಷ್ಟು ಅಂಟಿಕೊಂಡಿತ್ತೆಂದರೆ, ಯಾವ ಹಾಳೆ ಕೊಟ್ಟರೂ ಬೆರಳುಗಳು ತಾವಾಗಿಯೇ ಅದನ್ನು ಮಗುಚಿಬಿಡುತ್ತಿದ್ದವು.

ಇಷ್ಟು ದಿನ ಎಲೆ, ದ್ರಾಕ್ಷಿ, ಅಲೆ, ಅಂಚಿನ ಬಳ್ಳಿ ಮಾತ್ರ ಅವಳ ಪಾಲಿಗೆ. ಮುಖಗಳೆಲ್ಲ ಮಾವನವು. ಆದರೆ ಈಚೆಗೆ ಮಾವನ ಬೆರಳು ನಡುಗುತ್ತಿತ್ತು. ಒಂದು ಕುದುರೆಯ ಕಣ್ಣು ಕೆಡಿಸಿದ ಮೇಲೆ ಅತ್ತೆ ಪಟ್ಟು ಹಿಡಿದಳು. "ಮೆಷೀನ್ ತಂದುಬಿಡಿ. ಸ್ಟಿಕ್ಕರ್ ಕತ್ತರಿಸಿ ಅಂಟಿಸಿದ್ರೆ ಮುಗೀತು. ಇಲಿ ಹೋಗಿ ಅವಳ ಅಕ್ಕನ ಮಕ್ಕಳನ್ನ ನೋಡ್ಕೊಳ್ಳಲಿ. ಪಾಪ, ಆ ಅಕ್ಕನಿಗೂ ಅವಳಿ-ಜವಳಿ ಮಕ್ಕಳನ್ನ ಸಂಭಾಳಿಸೋಕೆ ಆಗ್ತಿಲ್ಲ."

ಅಕ್ಕನ ಮನೆಯಲ್ಲಿ ಇಲಿ ಒಮ್ಮೆ ಇದ್ದು ಬಂದಿದ್ದಳು. ಬರುವವರು ಹೋಗುವವರು, ಎಲ್ಲರಿಗೂ ಅವಳು ಯಾಕೆ ಮಾತಾಡುವುದಿಲ್ಲ ಎಂಬುದೇ ಚಿಂತೆ. ಇಲ್ಲಿ ಕನ್ನಡಿಯ ಹಿಂದೆ ಅವಳನ್ನು ಯಾರೂ ಏನೂ ಕೇಳುತ್ತಿರಲಿಲ್ಲ.

"ಒಂದು ಮುಖ ಇವಳ ಕೈಲಿ ಮಾಡ್ಸಿ ನೋಡ್ತೀನಿ," ಎಂದ ಮಾವ. "ಬಂದ್ರೆ ಮುಖದ ಕೆಲಸ ಇವಳಿಗೆ. ಬರದಿದ್ರೆ ನಿನ್ನ ಮೆಷೀನು."

ಆ ಮುಖ, ಎಲ್ಲರೂ ಕನ್ನಡಿ ಯಜಮಾನ ಎಂದು ಕರೆಯುತ್ತಿದ್ದವನದು. ಬಾರಿನ ಮಾಲೀಕ, ಆದರೆ ಅವನಿಗೆ ಹುಚ್ಚು ಹಿಡಿಸಿದ್ದು ಹಳೆಯ ದೀಪದ ಕನ್ನಡಿಗಳು. ಎಲ್ಲೇ ಒಂದು ಬಾರು ಮುಚ್ಚಿತೆಂದರೆ ಷಟರ್ ಕೆಳಗಿಳಿಯುವ ಮೊದಲು ಅಲ್ಲಿನ ಕನ್ನಡಿ ಕೊಳ್ಳಲು ಅವನು ಹಾಜರು. ಅವನ ಬಾರಿನ ಗೋಡೆಗಳಲ್ಲಿ ಒಂದು ಮೊಳೆ ಹೊಡೆಯಲೂ ಜಾಗವಿರಲಿಲ್ಲ. ಗಲ್ಲಾಪೆಟ್ಟಿಗೆಯ ಹಿಂದಿನ ಜಾಗವೊಂದನ್ನು ಮಾತ್ರ ತನ್ನ ಮುಖಕ್ಕೆಂದೇ ಖಾಲಿ ಉಳಿಸಿಕೊಂಡಿದ್ದ.

ಮಾವ ಅವನ ಫೋಟೋದಿಂದ ಟ್ರೇಸಿಂಗ್ ತೆಗೆದುಕೊಟ್ಟ. ಇಲಿ ಅದನ್ನು ಗಾಜಿನ ಬೆನ್ನಿಗಿಟ್ಟು ಕೆರೆಯಲು ಕೂತಳು. ಪಕ್ಕದಲ್ಲಿ ಫೋಟೋ, ಗಾಜಿನ ಆಚೆ ಒಂದು ದೀಪ. ಕೆರೆದಂತೆಲ್ಲ ಬೆಳಕು ತೂರಿ ಬಂದು ಹುಬ್ಬು ಮೂಡಿತು, ಹುಬ್ಬನ್ನು ಸೀಳಿದ ಹಳೆಯ ಗಾಯದ ಗೆರೆ ಮೂಡಿತು, ಸ್ವಲ್ಪ ಮೇಲಕ್ಕೆ ಎಳೆದುಕೊಂಡ ತುಟಿಯ ತುದಿ ಮೂಡಿತು. ಫೋಟೋ ನೋಡಿದಳು, ಗಾಜು ನೋಡಿದಳು. ಅಚ್ಚು ಒತ್ತಿದ ಹಾಗಿತ್ತು. ಅಷ್ಟು ಸಲೀಸಾಗಿ ಹೋಲಿಕೆ ಬಂದದ್ದಕ್ಕೆ ಅವಳಿಗೆ ಒಳಗೊಳಗೇ ಹಿಗ್ಗು.

ತಪ್ಪು ಇದ್ದದ್ದೇ ಆ ಹಿಗ್ಗಿನಲ್ಲಿ. ಬೆನ್ನಿನ ಕಡೆಯಿಂದ ನೋಡುವವಳಿಗೆ ಮುಖ ಫೋಟೋದ ಹಾಗೆ ಕಾಣಲೇಬಾರದು, ತಿರುವುಮುರುವಾಗಿ ಕಾಣಬೇಕು.

ಅದು ಅವಳಿಗೆ ಹೊಳೆದದ್ದು ಕನ್ನಡಿ ಒಯ್ಯುವ ದಿನ. ಪೆಟ್ಟಿಗೆ ಮುಚ್ಚಿ, ಮೊಳೆ ಬಡಿದು, ಗೋಡೆಗೆ ಒರಗಿಸಿ ಮಾವ ದೀಪ ಹಾಕಿದ. ಇಲಿ ಮೊದಲ ಸಲ ಮುಂದೆ ಬಂದು ನಿಂತಳು. ಗಾಯದ ಗೆರೆ ಫೋಟೋದಲ್ಲಿದ್ದ ಹುಬ್ಬಿನಲ್ಲಿರಲಿಲ್ಲ, ಇನ್ನೊಂದು ಹುಬ್ಬಿನಲ್ಲಿತ್ತು. ಬೈತಲೆ ಆ ಕಡೆಯಿಂದ ಈ ಕಡೆಗೆ ಬಂದಿತ್ತು.

"ಚೆನ್ನಾಗೇ ಬಂದಿದೆ," ಎಂದಳು ಅತ್ತೆ, ಅಷ್ಟೇನೂ ಸಂತೋಷವಿಲ್ಲದೆ.

"ಮೂಗು ನೋಡು, ಮೂಗು," ಎಂದ ಮಾವ. ಎರಡೂ ಕಡೆಯಿಂದ ಮುಖಗಳನ್ನು ನೋಡಿ ನೋಡಿ ಅವನ ಕಣ್ಣಿಗೆ ಎಡ ಬಲ ಎರಡೂ ಒಂದೇ ಆಗಿಹೋಗಿದ್ದವು.

"ಮಾವ..."

"ಏನೇ?"

"ಏನಿಲ್ಲ."

ಹೊರಗೆ ಗಾಡಿ ಬಂದು ನಿಂತಿತ್ತು. ಹಾಳೆಯನ್ನು ತಾನು ಮಗುಚಿದ್ದು ಅವಳಿಗೆ ಚೆನ್ನಾಗಿ ನೆನಪಿತ್ತು. ಮಗುಚಿದ ಮೇಲೂ ಹೀಗೇಕಾಯಿತು? ಗಾಡಿಯ ಹಿಂಬದಿಯಲ್ಲಿ ಪೆಟ್ಟಿಗೆ ಹಿಡಿದು ಕೂತವಳು ಬಾಲ ಸುಟ್ಟ ಬೆಕ್ಕಿನ ಹಾಗೆ ಚಡಪಡಿಸಿದಳು. ಕಾಲು ಮಡಚಿದಳು, ಚಾಚಿದಳು. ಪೆಟ್ಟಿಗೆಗೆ ಹೊದಿಸಿದ ಕಂಬಳಿಯ ಎಳೆಗಳನ್ನು ಉಗುರಿನಲ್ಲಿ ಕಿತ್ತಳು. ರಸ್ತೆಯ ಉಬ್ಬು ಬಂದಾಗಲೆಲ್ಲ, ಗಾಜು ಒಡೆದೇ ಹೋದರೆ ಎಷ್ಟು ಒಳ್ಳೆಯದು ಎನಿಸಿ, ಹಾಗೆ ಎನಿಸಿದ್ದಕ್ಕೆ ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು.

ಕೊನೆಗೆ ಮುಂದಿನ ಸೀಟಿನ ಕಿಟಕಿಗೆ ಬಾಯಿಟ್ಟು ಕೇಳಿದಳು. "ಮಾವ, ಟ್ರೇಸಿಂಗ್ ತೆಗೆಯೋವಾಗ ನೀವು ಫೋಟೋನ ಹೆಂಗಿಟ್ಟಿದ್ರಿ?"

"ನಿನಗೆ ಸುಲಭ ಆಗ್ಲಿ ಅಂತ ನಾನೇ ಮಗುಚಿ ತೆಗೆದಿದ್ದೆ. ಯಾಕೆ?"

ಅವಳು ಕಿಟಕಿಯಿಂದ ಹಿಂದೆ ಸರಿದಳು. ಅವನು ಒಮ್ಮೆ ಮಗುಚಿದ್ದ, ಇವಳು ಇನ್ನೊಮ್ಮೆ.

ಬಾರು ಇನ್ನೂ ತೆರೆದಿರಲಿಲ್ಲ. ಕುರ್ಚಿಗಳು ಮೇಜಿನ ಮೇಲೆ ಕಾಲು ಮೇಲೆ ಮಾಡಿ ಮಲಗಿದ್ದವು. ನೆಲ ಆಗತಾನೆ ಒರೆಸಿದ್ದು, ಫಿನಾಯಿಲಿನ ವಾಸನೆಯ ಅಡಿಯಲ್ಲಿ ನಿನ್ನೆಯ ಹೆಂಡದ ವಾಸನೆ. ಸುತ್ತಲೂ ಗೋಡೆಯ ತುಂಬ ಹಡಗು, ಹುಂಜ, ಕುದುರೆ, ಕೊಡೆ ಹಿಡಿದ ಹೆಂಗಸು. ದೀಪವಿಲ್ಲದೆ ಅವೆಲ್ಲ ಮಂಕಾಗಿ, ಕನ್ನಡಿಗಳು ಮಾತ್ರ ಒಂದರೊಳಗೊಂದು ಇಣುಕುತ್ತಿದ್ದವು. ಎತ್ತ ತಿರುಗಿದರೂ ತನ್ನನ್ನೇ ಕಂಡು ಇಲಿ ತಲೆ ತಗ್ಗಿಸಿದಳು.

ಯಜಮಾನ, ಅವನ ಹೆಂಡತಿ, ಗ್ಲಾಸು ಒರೆಸುತ್ತಿದ್ದ ಬಾರಿನವನು, ಮೂವರೂ ಸಾಲಾಗಿ ನಿಂತರು. ಮಾವ ಪೆಟ್ಟಿಗೆ ತೂಗುಹಾಕಿ ಸ್ವಿಚ್ ಒತ್ತಿದ.

ಬಾರಿನವನು ಗ್ಲಾಸು ಒರೆಸುವುದನ್ನು ನಿಲ್ಲಿಸಿದ.

"ಸಾರ್, ನಿಮಗೆ ಅಣ್ಣ ತಮ್ಮ ಯಾರಾದ್ರೂ ಇದಾರಾ?" ಎಂದ ಬಾರಿನವನು.

"ಸುಮ್ನೆ ಗ್ಲಾಸ್ ಒರೆಸೋ." ಯಜಮಾನ ಗಲ್ಲಾದ ಒಳಗೆ ಹೋಗಿ ಕನ್ನಡಿಗೆ ಮೂಗು ತಾಗುವಷ್ಟು ಹತ್ತಿರ ನಿಂತ. ಹೊಳೆಯುವ ಮುಖದ ಪಕ್ಕದ ಗಾಜಿನಲ್ಲಿ ಅವನ ಮುಖ ಬಿದ್ದಿತ್ತು. ಹುಬ್ಬಿನ ಗಾಯ ಮುಟ್ಟಿಕೊಂಡ. ಬಿಂಬದ ಗಾಯ, ಚಿತ್ರದ ಗಾಯ, ಎರಡೂ ಒಂದೇ ಕಡೆ. "ಇದು ಕಣಯ್ಯ. ಇದು ನಾನು. ಹಾಳಾದ ಫೋಟೋದವರು ಯಾವತ್ತೂ ನನ್ನ ಮುಖಾನ ಸರಿಯಾಗಿ ಹಿಡಿದವರೇ ಅಲ್ಲ. ಯಾರೋ ಪಕ್ಕದ್ಮನೆಯವನ ಹಾಗೆ ಕಾಣ್ತಿದ್ದೆ."

"ನೀವಾ ಇದು?" ಎಂದಳು ಹೆಂಡತಿ. "ನಿಮ್ಮ ಅಂಗಿ ಹಾಕ್ಕೊಂಡು ಯಾವನೋ ಬಂದು ಕೂತ ಹಾಗಿದೆ. ಇಷ್ಟು ವರ್ಷ ನಿಮ್ಮ ಮುಖ ನೋಡಿದೋಳು ನಾನು."

"ನನ್ನ ಮುಖ ನಂಗೆ ಗೊತ್ತಿಲ್ವೇನೇ?"

"ನಿಮಗೇನು ಗೊತ್ತು? ನೋಡೋ ಕರ್ಮ ನನ್ನದು."

ಬಾರಿನವನು ಕೆಮ್ಮಿದ. ಮಾವ ಕತ್ತಿನ ಬೆವರು ಒರೆಸಿಕೊಂಡು ನಕ್ಕ. "ಅಮ್ಮಾವ್ರೇ, ದೀಪದ ಬೆಳಕಿಗೆ ಸ್ವಲ್ಪ ಹಂಗೇ. ಯಜಮಾನ್ರೇ ಒಪ್ಪಿದ ಮೇಲೆ ಇನ್ನೇನಿದೆ. ನಮ್ಮ ಅಕ್ಕನ ಮಗಳೇ ಮಾಡಿದ್ದು."

"ಈ ಹುಡುಗಿಯಾ?" ಯಜಮಾನ ಕಣ್ಣರಳಿಸಿದ. "ಹಾಗಾದ್ರೆ ಪಕ್ಕದಲ್ಲಿ ನಮ್ಮವಳದ್ದೂ ಒಂದು ಆಗ್ಲಿ. ಇವಳ ಕೈಯಲ್ಲೇ ಆಗ್ಬೇಕು."

ಅಷ್ಟೇ ಸಾಕಿತ್ತು. ಮುಖದ ಕೆಲಸ ಅವಳದಾದಂತೆಯೇ. ಮೆಷೀನಿನ ಮಾತು ಅಲ್ಲಿಗೇ ನಿಂತಂತೆಯೇ. ಇಲಿ ಸುಮ್ಮನಿದ್ದರೆ ಮುಗಿದುಹೋಗುತ್ತಿತ್ತು, ಸುಮ್ಮನಿರುವುದು ಅವಳಿಗೆ ಹುಟ್ಟಿನಿಂದ ಬಂದದ್ದು. ಆದರೆ ಯಜಮಾನನ ಹೆಂಡತಿ ಇನ್ನೂ ಆ ಮುಖವನ್ನೇ ನೋಡುತ್ತಿದ್ದಳು. ಒಮ್ಮೆ ಈ ಕಡೆ ಕತ್ತು ವಾಲಿಸಿ, ಒಮ್ಮೆ ಆ ಕಡೆ ವಾಲಿಸಿ, ತನ್ನ ಕಣ್ಣಿಗೇ ಏನಾದರೂ ಆಗಿದೆಯೇ ಎಂಬಂತೆ ರೆಪ್ಪೆ ಉಜ್ಜಿಕೊಂಡಳು. ಅದನ್ನು ನೋಡುತ್ತ ನಿಲ್ಲುವುದು ಇಲಿಗೆ ಆಗಲಿಲ್ಲ. ಅವಳ ಕಾಲು ಒಂದು ಕಡೆ ನಿಲ್ಲದೆ ನೆಲ ತುಳಿಯುತ್ತಿತ್ತು.

"ನಿಮ್ಮ ಕಣ್ಣು ಸರಿಯಾಗೇ ಇದೆ ಅಮ್ಮ," ಎಂದಳು. ದನಿ ಅರ್ಧ ಮಾತ್ರ ಹೊರಬಂತು.

ಎಲ್ಲರೂ ತಿರುಗಿದರು. ಗೋಡೆಯ ಕನ್ನಡಿಗಳಲ್ಲೂ ಎಲ್ಲರೂ ತಿರುಗಿದರು.

"ಹಿಂದೆ ನೋಡಿ. ಆ ಹಡಗಿನ ಕನ್ನಡಿಯಲ್ಲಿ."

ಆಕೆ ತಿರುಗಿ ಎದುರು ಗೋಡೆಯ ಹಡಗಿನ ಕನ್ನಡಿಯನ್ನು ನೋಡಿದಳು. ಹಡಗಿನ ಪಟಗಳ ನಡುವಿನ ಗಾಜಿನಲ್ಲಿ ಆ ಹೊಳೆಯುವ ಮುಖ ಪುಟ್ಟದಾಗಿ ಬಿದ್ದಿತ್ತು. "ಅಯ್ಯೋ, ಇಲ್ಲಿದಾರಲ್ಲ ನಮ್ಮವ್ರು," ಎಂದು ನಕ್ಕಳು.

ಯಜಮಾನನೂ ಬಂದು ಇಣುಕಿ ಮುಖ ಸಿಂಡರಿಸಿದ. "ಅದೇ ಪಕ್ಕದ್ಮನೆಯವನು."

"ಹಾಳೆ ಎರಡು ಸಲ ಮಗುಚಿಹೋಗಿದೆ ಸಾರ್. ಮಾವ ಒಂದು ಸಲ, ನಾನು ಒಂದು ಸಲ. ಕೆರೆಯೋವಾಗಲೇ ನನಗೆ ಗೊತ್ತಾಗ್ಬೇಕಿತ್ತು. ಇದು ನೀವು ಕನ್ನಡಿ ಮುಂದೆ ನಿಂತಾಗ ನಿಮಗೆ ಕಾಣೋ ಮುಖ. ಬೇರೆಯವರಿಗೆ ನೀವು ಹೀಗೆ ಕಾಣಲ್ಲ." ಇಷ್ಟು ಉದ್ದದ ಮಾತನ್ನು ಅವಳು ಹೊರಗಿನವರ ಮುಂದೆ ಆಡಿದ್ದು ಅದೇ ಮೊದಲು. "ಬೇಡ ಅಂದ್ರೆ ಬೇರೆ ಮಾಡಿಕೊಡ್ತೀನಿ."

ಮಾವ ಅವಳನ್ನು ನುಂಗುವ ಹಾಗೆ ನೋಡಿದ.

ಯಜಮಾನ ತನ್ನ ಹೊಳೆಯುವ ಮುಖದ ಎದುರು ಮತ್ತೆ ಹೋಗಿ ನಿಂತ. ಗಲ್ಲ ಸವರಿಕೊಂಡ. "ಬೇಡ ಬಿಡು. ಗಲ್ಲಾದಲ್ಲಿ ಕೂರೋನು ನಾನು, ಹಿಂದೆ ತಿರುಗಿದ್ರೆ ನನಗೆ ನಾನೇ ಕಾಣ್ಬೇಕು. ಕುಡಿಯೋರಿಗೆ ನಾನು ಹೆಂಗೆ ಕಂಡ್ರೇನು, ನಾಲ್ಕು ಪೆಗ್ ಆದ್ಮೇಲೆ ಎಡ ಬಲ ಯಾರು ನೋಡ್ತಾರೆ?"

"ನನ್ನದು ಮಾತ್ರ ಹೀಗೆ ಬೇಡ," ಎಂದಳು ಹೆಂಡತಿ. "ನಾನೇನು ಇಲ್ಲಿ ಕೂತು ನನ್ನ ಮುಖ ನೋಡ್ಕೊಳ್ಳಲ್ಲ. ನೋಡೋರು ಇವ್ರು. ಇವ್ರಿಗೆ ಕಾಣೋ ಹಾಗೆ ಮಾಡಮ್ಮ. ಬೇರೆ ಯಾರೋ ಅಂದ್ಕೊಂಡು ಲೈನ್ ಹೊಡೆಯೋದು ಬೇಡ."

ಬಾರಿನವನು ಈ ಸಲ ಕೆಮ್ಮಲಿಲ್ಲ, ನಕ್ಕೇಬಿಟ್ಟ.

ವಾಪಸ್ಸು ಬರುವಾಗ ಮಾವ ಅವಳನ್ನು ಮುಂದಿನ ಸೀಟಿನಲ್ಲೇ ಕೂರಿಸಿಕೊಂಡ. ಅರ್ಧ ದಾರಿ ಮುಖ ಊದಿಸಿಕೊಂಡಿದ್ದ. ಆಮೇಲೆ ಕೇಳಿದ, "ಗಿರಾಕಿ ಮುಂದೆ ನಮ್ಮ ತಪ್ಪು ನಾವೇ ಹೇಳ್ಕೊಂಡ್ರೆ ಅಂಗಡಿ ನಡೆಸೋದು ಹೆಂಗೆ?"

"ಆಯಮ್ಮ ಕಣ್ಣು ಉಜ್ಕೊಳ್ತಿದ್ರು ಮಾವ."

"ಉಜ್ಕೊಳ್ಳಲಿ ಬಿಡು." ಸ್ವಲ್ಪ ದೂರ ಹೋದ ಮೇಲೆ, "ನಾನು ಮಗುಚಿದ್ದು ಹೇಳದೇ ಇದ್ದದ್ದೂ ತಪ್ಪೇ ಅನ್ನು," ಎಂದ, ರಸ್ತೆಗೆ ಹೇಳುವ ಹಾಗೆ.

ಮುಖದ ಕೆಲಸ ಯಾರದು ಎಂದು ಅವನು ಹೇಳಲಿಲ್ಲ. ಮನೆಯಲ್ಲಿ ಅತ್ತೆ ಕೇಳಿದಾಗಲೂ "ನೋಡೋಣ" ಎಂದಷ್ಟೇ ಅಂದ. ಇಲಿಗೆ ಊಟ ಸೇರಲಿಲ್ಲ, ರಾತ್ರಿಯೆಲ್ಲ ಮಗ್ಗುಲು ಬದಲಿಸುತ್ತಿದ್ದಳು.

ಬೆಳಿಗ್ಗೆ ಅವಳ ಮೇಜಿನ ಮೇಲೆ ಯಜಮಾನನ ಹೆಂಡತಿಯ ಫೋಟೋ ಇತ್ತು. ಪಕ್ಕದಲ್ಲಿ ಖಾಲಿ ಟ್ರೇಸಿಂಗ್ ಹಾಳೆ. ಮಾವ ಅದರ ಮೇಲೆ ಒಂದು ಗೆರೆಯನ್ನೂ ಎಳೆದಿರಲಿಲ್ಲ. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಅವಳ ಹಿಂದೆ ನಿಂತಿದ್ದ.

ಫೋಟೋದಲ್ಲಿ ಆಕೆಯ ಒಂದು ಕೆನ್ನೆಯಲ್ಲಿ ಮಾತ್ರ ಗುಳಿ. ಇಲಿ ಹಾಳೆಯಲ್ಲಿ ಮುಖ ತೆಗೆದಳು. ಮಗುಚಿದಳು. ಅನುಮಾನ ಬಂತು, ಮತ್ತೆ ಮಗುಚಿದಳು. ತನ್ನ ಕೆನ್ನೆ ಮುಟ್ಟಿಕೊಂಡು ನೋಡಿ ಇನ್ನೊಮ್ಮೆ ಮಗುಚಿದಳು. ಹಿಂದಿನಿಂದ ಮಾವನ ಉಸಿರು ಹತ್ತಿರವಾಗುತ್ತಿತ್ತು. ಹೇಳಿಕೊಡಲು ಅವನ ಬಾಯಿ ತುರಿಸುತ್ತಿತ್ತೆಂದು ಕಾಣುತ್ತದೆ, ಆದರೆ ಹೇಳಲಿಲ್ಲ. ಅವನು ಬಾಗಿದಂತೆಲ್ಲ ಗಾಜಿನ ಮೇಲೆ ಅವನ ತಲೆಯ ನೆರಳು ಬಿತ್ತು.

"ಮಾವ, ಸ್ವಲ್ಪ ಆಚೆ ನಿಂತ್ಕೊಳ್ಳಿ," ಎಂದಳು ಇಲಿ, ತಲೆ ಎತ್ತದೆ. "ಬೆಳಕಿಗೆ ಅಡ್ಡ ಬರ್ತಿದೀರ."

ಅವನು ಬಾಗಿಲ ಕಡೆ ಸರಿದು ನಿಂತ. ಇಲಿ ಹಾಳೆಯ ಮೂಲೆಗಳಿಗೆ ಟೇಪು ಅಂಟಿಸಿ, ಬ್ಲೇಡು ಕೈಗೆತ್ತಿಕೊಂಡಳು.