ಮೊಳೆ ಹೊಡೆಯದ ಗೋಡೆ

ಆರ್ನ್‌ಚೆಸ್ಟರ್ ಊರಿನ ದೊಡ್ಡ ಚರ್ಚಾದ ಕೆಥೆಡ್ರಲ್‌ನ ಆವರಣದ ಹಳೇ ಪಾದ್ರಿಮನೆಯಲ್ಲಿ ಹೆಸ್ಟರ್ ಇದ್ದದ್ದು ಬಾಡಿಗೆಗೆ. ಗತ್ತು ಮಾತ್ರ ಕಟ್ಟಿಸಿದವಳದ್ದು. ಬಂದವರಿಗೆ ಟೀ ಕೊಡುವ ಮೊದಲೇ ಮನೆಯ ಚರಿತ್ರೆ ಬಡಿಸುತ್ತಿದ್ದಳು. ಆರುನೂರು ವರ್ಷದ ಕಟ್ಟಡ, ಸರ್ಕಾರದ ರಕ್ಷಣೆಯಲ್ಲಿದೆ, ಒಂದು ಮೊಳೆ ಹೊಡೆಯುವಂತಿಲ್ಲ. ಕ್ಯಾಲೆಂಡರನ್ನು ಕೂಡ ಅವಳು ಕುರ್ಚಿಗೆ ಒರಗಿಸಿಡುತ್ತಿದ್ದಳು.

ಗಂಡ ಓಸ್ವಿನ್ ಕೆಥೆಡ್ರಲ್‌ನಲ್ಲಿ ಆರ್ಗನ್ ನುಡಿಸುತ್ತಿದ್ದವನು. ಮಂಡಿನೋವು ಶುರುವಾದಾಗ, ಮೆಟ್ಟಿಲ ಪಕ್ಕದ ಗೋಡೆಗೆ ಹಿಡಿದುಕೊಳ್ಳಲು ಒಂದು ಕಂಬಿ ಹಾಕಿಸೋಣವೇ ಎಂದು ಕೇಳಿದ್ದ.

"ಆ ಗೋಡೆಗಾ? ಆ ಕಾಲದ ಪಾದ್ರಿಗಳು ಕಟ್ಟಿಸಿದ್ದು ರೀ ಅದು!" ಎಂದು ಹೆಸ್ಟರ್ ಹೌಹಾರಿದ್ದಳು.

"ನಾನೂ ಹಳೇ ಕಟ್ಟಡವೇ ಕಣೇ, ನನ್ನನ್ನೂ ಸ್ವಲ್ಪ ಕಾಪಾಡು," ಎಂದು ಅವನು ನಕ್ಕಿದ್ದ.

ಆ ಚಳಿಗಾಲದಲ್ಲೇ ಅದೇ ಮೆಟ್ಟಿಲಿಂದ ಬಿದ್ದು ತೀರಿಕೊಂಡ. ಹೆಸ್ಟರ್ ಎದೆ ಬಡಿದುಕೊಂಡು ಅತ್ತಳು, ಆದರೆ ತನ್ನದು ತಪ್ಪೆನಿಸಲಿಲ್ಲ. ನಿಯಮವೆಂದರೆ ನಿಯಮ, ತಾನೇನು ಮಾಡಲಾಗುತ್ತಿತ್ತು? ಆ ಒಂದು ಮಾತು ಹಿಡಿದುಕೊಂಡೇ ಇಷ್ಟು ದಿನ ಬದುಕಿದ್ದಳು.

ಈಗ ಮನೆಯ ಚರಿತ್ರೆ ಬರೆಯಲು ಹಳೇ ಕಟ್ಟಡಗಳ ಇಲಾಖೆಯ ಇಮೊಜೆನ್ ಬಂದಿದ್ದಳು. ಮಾಳಿಗೆಯ ತೊಲೆಗಳನ್ನು ನೋಡಿ ಅವಳು ಬೆರಗಾದಾಗ ಹೆಸ್ಟರ್ ಉಬ್ಬಿಹೋದಳು. ಇಳಿದು ಬರುವಾಗ ಇಮೊಜೆನ್ ಮೆಟ್ಟಿಲ ಪಕ್ಕದ ಗೋಡೆಯನ್ನು ತಟ್ಟಿ ನೋಡಿದಳು. ಗಾರೆ ಉದುರಿದ ಮೂಲೆಗೆ ಟಾರ್ಚ್ ಹಿಡಿದಳು.

"ಇದು ಹಳೇದಲ್ಲ ಮೇಡಂ. ಎರಡನೇ ಮಹಾಯುದ್ಧ ಮುಗಿದ್ಮೇಲೆ ಯಾರೋ ಎಬ್ಬಿಸಿರೋ ಗೋಡೆ. ಒಳಗೆ ಬರೀ ಕಾರ್ಖಾನೆ ಇಟ್ಟಿಗೆ, ನೋಡಿ."

ಹೆಸ್ಟರ್ ಅವಳ ಕೈಯಿಂದ ಟಾರ್ಚ್ ತೆಗೆದುಕೊಂಡಳು. ಬಗ್ಗಿ ನೋಡಿದಳು. ಕೆಂಪು ಇಟ್ಟಿಗೆ, ಕೋಳಿಗೂಡಿಗೆ ಹಾಕುವಂಥದ್ದು.

"ಆದ್ರೂ... ಮೊಳೆ ಹೊಡೆಯೋ ಹಾಗಿಲ್ವಲ್ಲ?" ಎಂದು ಕೇಳಿದಳು.

"ಯಾರು ಹೇಳಿದ್ದು? ಅರ್ಜಿ ಹಾಕಿದ್ರೆ ಹಳೇ ಗೋಡೆಗೇ ಒಪ್ಪಿಗೆ ಕೊಡ್ತೀವಿ. ಪಕ್ಕದ್ಮನೆ ಕೆಥೆಡ್ರಲ್ ಡೀನ್ ಸಾಹೇಬ್ರು ಕಂಬಿ ಹಾಕಿಸ್ಕೊಂಡಿಲ್ವಾ? ನೀವು ಕೇಳಿದಾಗ ಕೊಡಲಿಲ್ವಾ ನಮ್ಮೋರು?"

ಹೆಸ್ಟರ್ ಮೆಟ್ಟಿಲ ಮೇಲೆ ಕುಸಿದು ಕೂತಳು. ಕೈ ತಾನಾಗಿಯೇ ಗೋಡೆಯನ್ನು ತಡಕಿತು. ಹಿಡಿಯಲು ಅಲ್ಲಿ ಏನೂ ಇರಲಿಲ್ಲ.

"ನಾನು ನಿಮ್ಮನ್ನ ಕೇಳ್ಲೇ ಇಲ್ಲಮ್ಮ," ಎಂದಳು. "ಅವರು ಕೇಳಿದ್ದು ನನ್ನನ್ನ. ನಾನೇ ಕೊಡಲಿಲ್ಲ."