ಕೆಂಪು ಗೆರೆಯ ಈಚೆ

ತಾಂಡೂರಿನ ಕಲ್ಲಿನ ಪುಡಿಗೆ ನಾಚಿಕೆ ಎಂಬುದಿಲ್ಲ. ಪಾಲಿಷ್ ಕಾರ್ಖಾನೆಯಿಂದ ಎದ್ದದ್ದು ಊಟದ ತಟ್ಟೆಗೂ ಬರುತ್ತದೆ, ದೇವರ ಜಗಲಿಗೂ ಬರುತ್ತದೆ. ಅದಕ್ಕೇ ಈ ಸೀಮೆಯವರು ಬಾಯಿ ತೆರೆದ ಯಾವುದನ್ನೂ ಹಾಗೇ ಬಿಡುವವರಲ್ಲ. ನೀರಿನ ಕೊಡ, ಹಿಟ್ಟಿನ ಡಬ್ಬಿ, ಕಿಟಕಿಯ ಜಾಳಿಗೆ, ಎಲ್ಲಕ್ಕೂ ಹಳೇ ಧೋತರದ ತುಂಡು ಕಟ್ಟುತ್ತಾರೆ. ಪುಡಿ ಹೆಚ್ಚಾದರೆ ನೀರಲ್ಲಿ ಅದ್ದಿ ಕಟ್ಟುತ್ತಾರೆ.

ಕಲ್ಲಿನ ಗಣಿಯಲ್ಲಿ ಮೈ ಸವೆಸಿದ ಅಂಜಪ್ಪನಿಗೆ ಈ ಅಭ್ಯಾಸ ರಕ್ತದಲ್ಲಿತ್ತು. ಈಗ ಅವನು ಪೆದ್ದೆಮುಲ್ ದಾರಿಯ ಬ್ಯಾಟರಿ ಯಾರ್ಡಿನ ಕಾವಲುಗಾರ. ಹಗಲಿನ ಸೋಲಾರ್ ಕರೆಂಟನ್ನು ಸಂಜೆಗೆಂದು ಕೂಡಿಡುವ ಜಾಗ ಅದು. ಲಾರಿಯಷ್ಟು ಉದ್ದದ ಬಿಳೀ ಕಬ್ಬಿಣದ ಪೆಟ್ಟಿಗೆಗಳು, ಒಳಗೆ ಸಾಲುಸಾಲು ಬ್ಯಾಟರಿ. ಆ ಕೆಲಸ ಕೊಡಿಸಿದವಳು ಅವನ ಮಗಳು ಸ್ವರೂಪಾ. ಅವಳು ಅಲ್ಲಿಯ ಸೇಫ್ಟಿ ಆಫೀಸರ್.

ಪೆಟ್ಟಿಗೆಗಳ ಸುತ್ತ ನೆಲದ ಮೇಲೆ ಕೆಂಪು ಗೆರೆ ಎಳೆಸಿದವಳೂ ಅವಳೇ. ಬ್ಯಾಟರಿ ಕೆಟ್ಟು ಕಾದರೆ ಉರಿಯುವ ಗ್ಯಾಸ್ ಬಿಡುತ್ತದೆ. ಗೋಡೆಯ ಫ್ಯಾನು ಅದನ್ನು ಹೊರಗೆ ದೂಡಬೇಕು. ದೂಡದಿದ್ದರೆ ಪೆಟ್ಟಿಗೆ ಸಿಡಿದೀತು. ಆದ್ದರಿಂದ ಪೆಟ್ಟಿಗೆಯ ಅಪಾಯದ ಗಂಟೆ ಹೊಡೆದುಕೊಂಡಿತೆಂದರೆ ಎಲ್ಲರೂ ಗೆರೆಯ ಈಚೆ ಬರಬೇಕು. ಸ್ವಂತ ತಾಯಿ ಆಚೆ ಉಳಿದಿದ್ದರೂ ಯಾರೂ ದಾಟಬಾರದು. ಈ ಮಾತನ್ನು ಅವಳು ಎಷ್ಟು ಸಲ ಹೇಳಿದ್ದಳೆಂದರೆ, ಮ್ಯಾನೇಜರ್ ಪ್ರಮೋದ ಅವಳನ್ನು ಕಾಡುತ್ತಿದ್ದ: “ದಾಟಿದ್ರ ರಾವಣ ಹೊತ್ಕೊಂಡು ಹೋಗ್ತಾನೇನ್ರಿ ಮೇಡಂ?”

ತಪಾಸಣೆಯ ಹಿಂದಿನ ದಿನ ಅವಳು ಅಪ್ಪನಿಗೆ ಹೇಳಿದಳು: “ಯಪ್ಪಾ, ನಾಳಿ ಹೈದರಾಬಾದಿನಿಂದ ದೊಡ್ಡ ಮೇಡಂ ಬರಾಕತ್ಯಾರ. ಎಲ್ಲೂ ಧೂಳ ಕಾಣಬಾರದು ನೋಡು. ಫ್ಯಾನಿನ ಜಾಳಿಗಿ ಸೈತ ಫಳಫಳ ಅನಬೇಕು.”

“ಆತು ಬಿಡವ್ವಾ, ನೀ ಏನ್ ಚಿಂತಿ ಮಾಡಬ್ಯಾಡ.”

ಒರೆಸಿದ. ಮಗಳ ಮಾನದ ಪ್ರಶ್ನೆಯೆಂದು ಮತ್ತೆ ಒರೆಸಿದ. ಕಾರ್ಖಾನೆಯ ಕಡೆಗೆ ಮುಖ ಮಾಡಿದ್ದ ಮೂರನೇ ಪೆಟ್ಟಿಗೆಯ ಜಾಳಿಗೆ ಮಾತ್ರ ಒರೆಸಿದ ಬೆನ್ನಿಗೇ ಬಿಳಿಯಾಗುತ್ತಿತ್ತು. ಕೊನೆಗೆ ಧೋತರ ಹರಿದು, ನಾಲ್ಕು ಮಡಿಕೆ ಮಾಡಿ, ನೀರಲ್ಲಿ ಅದ್ದಿ ಬಿಗಿದು ಕಟ್ಟಿದ. ಮೇಡಂ ಬರುವ ಮೊದಲು ಬಿಚ್ಚಿದರಾಯಿತು ಎಂದುಕೊಂಡ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡುವುದೆಂದರೆ ಇದೇ.

ಮರುದಿನ ತಪಾಸಣೆಯ ಮೃಣಾಲಿನಿ ಮೇಡಂ ಹೇಳಿದ ಹೊತ್ತಿಗಿಂತ ಮೊದಲೇ ಬಂದಿಳಿದರು. ಅಂಜಪ್ಪ ಗೇಟಿಗೆ ಓಡಿದ, ಸಲಾಮು ಹೊಡೆದ, ಬಟ್ಟೆ ಮರೆತ. ಸ್ವರೂಪಾಳಿಗೂ ಬೆಳಗಿನ ಸುತ್ತು ಹಾಕಲು ಆಗಲಿಲ್ಲ. ಎಲ್ಲರೂ ಮೊದಲನೇ ಪೆಟ್ಟಿಗೆಯ ಹತ್ತಿರ ನಿಂತು ಮಾತಾಡುತ್ತಿದ್ದಾಗ ಮೂರನೆಯದರ ಗಂಟೆ ಹೊಡೆದುಕೊಂಡಿತು.

ತಾಲೀಮು ವ್ಯರ್ಥವಾಗಿರಲಿಲ್ಲ. ಎಲ್ಲರೂ ಓಡಿ ಗೆರೆಯ ಈಚೆ ನಿಂತರು. ಪ್ರಮೋದ ಫ್ಯಾನಿನದನ್ನು ಬಿಟ್ಟು ಉಳಿದ ಕರೆಂಟು ಕಡಿದು, ತಾಂಡೂರಿನ ಫೈರ್ ಸ್ಟೇಷನ್ನಿಗೆ ಫೋನು ಮಾಡಿದ. ಇನ್ನು ಫ್ಯಾನು ಗ್ಯಾಸನ್ನು ದೂಡಬೇಕು, ಅಷ್ಟೆ. ಸ್ವರೂಪಾ ಜಾಳಿಗೆಯ ಕಡೆ ನೋಡಿದಳು. ಅಲ್ಲಿ ಬಿಳೀ ಬಟ್ಟೆಯೊಂದು ಹೊಟ್ಟೆ ಉಬ್ಬರಿಸಿಕೊಂಡು ನಿಂತಿತ್ತು. ಒದ್ದೆ ಬಟ್ಟೆಗೆ ಕೂತ ಕಲ್ಲಿನ ಪುಡಿ ಗಾರೆಯಂತೆ ಗಟ್ಟಿಯಾಗಿ, ಗಾಳಿ ಹೊರಗೆ ಬರಲು ದಾರಿಯೇ ಇರಲಿಲ್ಲ. ಆ ಧೋತರದ ಹಸಿರು ಅಂಚು ಅವಳಿಗೆ ಗುರುತಿತ್ತು. ಯುಗಾದಿಗೆ ತಾನೇ ತಂದುಕೊಟ್ಟದ್ದು.

“ಯವ್ವಾ, ಅದು ನಾ ಕಟ್ಟಿದ್ದು,” ಎಂದ ಪಕ್ಕದಲ್ಲಿ ನಿಂತಿದ್ದ ಅಂಜಪ್ಪ. ಹಾಗೆಂದವನೇ ಗೆರೆ ದಾಟಿದ.

“ಯಪ್ಪಾ, ನಿಂದ್ರು! ಹೋಗಬ್ಯಾಡ!”

ಅವನು ನಿಲ್ಲಲಿಲ್ಲ. ಅವಳು ಒಂದು ಹೆಜ್ಜೆ ಮುಂದಿಟ್ಟಿದ್ದರೆ ಅವನ ಅಂಗಿ ಕೈಗೆ ಸಿಗುತ್ತಿತ್ತು. ಅವಳ ಕಾಲು ಮೇಲೇಳಲಿಲ್ಲ. ಅಪ್ಪನ ಹಿಂದೆ ಓಡಲು ಹೊರಟ ಪ್ರಮೋದನ ತೋಳನ್ನು ಗಟ್ಟಿಯಾಗಿ ಹಿಡಿದಳು, ಹಿಡಿದು ಕಿರುಚಿದಳು. ಪುಡಿ ಕೂತು ಬಿಗಿದ ಗಂಟು ಅಂಜಪ್ಪನ ಬೆರಳಿಗೆ ಜಗ್ಗಲಿಲ್ಲ. ಹಲ್ಲಿನಿಂದ ಕಚ್ಚಿ ಎಳೆದ. ಸಿಡಿದರೆ ಅಪ್ಪನ ಮುಖವೇ ಮೊದಲು ಎಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಅಲ್ಲಿ ಯಾರೂ ಇರಲಿಲ್ಲ. ಅವಳು ಕಣ್ಣು ಮುಚ್ಚಿದಳು.

ಬಟ್ಟೆ ಕಿತ್ತು ಬಂತು. ಬೂದಿ ಬಣ್ಣದ ಹೊಗೆ ಭುಸ್ಸೆಂದು ನುಗ್ಗಿತು. ಅಂಜಪ್ಪ ಕೆಮ್ಮುತ್ತ, ಮುಗ್ಗರಿಸುತ್ತ ಈಚೆ ಬಂದು ಬಿದ್ದ. ಫೈರ್ ಎಂಜಿನ್ ಬರುವ ಹೊತ್ತಿಗೆ ಗಂಟೆ ತಾನಾಗಿ ನಿಂತಿತ್ತು. ಕಣ್ಣಿಗೆ ಮದ್ದು ಹಾಕಿಸಿಕೊಂಡು ಅವನು ಬೇವಿನ ನೆರಳಲ್ಲಿ ಕೂತ.

ಮೃಣಾಲಿನಿ ಮೇಡಂ ಸ್ವರೂಪಾಳ ಹತ್ತಿರ ಬಂದರು. ಅವರು ಜಹೀರಾಬಾದಿನವರು, ಮಾತು ನೆಟ್ಟಗೆ. “ಆ ಬಟ್ಟಿ ನಿಮ್ಮ ದೊಡ್ಡ ತಪ್ಪು, ಅದನ್ನ ನಾ ಬರೀತೀನಿ. ಆದ್ರ ಒಬ್ಬರನ್ನ ಬಿಟ್ಟು ಎಲ್ಲಾರೂ ಗೆರಿ ಹಿಂದ ನಿಂತ್ರಿ. ಅಪ್ಪ ಹೋದ್ರೂ ನೀವು ದಾಟಲಿಲ್ಲ. ಇಂಥಾ ಶಿಸ್ತು ನಾ ಎಲ್ಲೂ ನೋಡಿಲ್ಲ. ಶಾಭಾಸ್ ರೀ.”

ಆ ಶಾಭಾಸ್ ಕೆನ್ನೆಗೆ ಬಾರಿಸಿದ ಹಾಗಿತ್ತು. ಶಿಸ್ತಿನಿಂದ ನಿಂತೆನೋ, ಜೀವಭಯದಿಂದ ನಿಂತೆನೋ? ಅವಳಿಗೇ ಗೊತ್ತಿರಲಿಲ್ಲ.

ಅವಳು ಹೋಗಿ ಅಪ್ಪನ ಪಕ್ಕ ಕುಕ್ಕರುಗಾಲಲ್ಲಿ ಕೂತಳು. ಅವನು ಅವಳ ತಲೆ ನೇವರಿಸಿದ. “ನೀ ಬರಲಿಲ್ಲ, ಬಾಳ ಚಲೋ ಆತವ್ವಾ. ನೀ ಬಂದಿದ್ರ ನನ್ನ ಕೈ ಅಲ್ಲೇ ಸತ್ತು ಹೋಗ್ತಿತ್ತು.”

ಸ್ವರೂಪಾ ಅವನ ಕೊರಳಿನಲ್ಲಿದ್ದ ಕಾವಲುಗಾರನ ಸೀಟಿಯನ್ನು ಬಿಚ್ಚಿಕೊಂಡಳು. “ನಾಳಿಯಿಂದ ಕೆಲಸಕ್ಕ ಬರಬ್ಯಾಡ ಯಪ್ಪಾ.”

“ಗೆರಿ ದಾಟಿದ್ದಕ್ಕೇನವ್ವಾ?”

ಹೌದೆಂದಿದ್ದರೆ ಅವನು ಒಪ್ಪುತ್ತಿದ್ದ. ಅವಳಿಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ.

“ಅಲ್ಲ ಯಪ್ಪಾ,” ಎಂದಳು, ಅಳುತ್ತ. “ಇನ್ನೊಂದ್ ಸಲ ಹಂಗಾದ್ರೂ ನಾ ಗೆರಿ ಈಚೇನ ನಿಂತಿರ್ತೀನಿ. ಅದಕ್ಕ.”