ಮರದ ಬಟ್ಟಲು

ಚೆಸ್ಟ್‌ನಟ್ ಕಾಯಿಗಳನ್ನು ಹೊಗೆಯಲ್ಲಿ ಒಣಗಿಸುವ ವಾಸನೆ ಎಂದರೆ ಜೆಲಿಂದಾಳಿಗೆ ಎರಡು ನೆನಪು. ಒಂದು, ಅಪ್ಪನ ಕೋಟಿನ ತೋಳು. ಇನ್ನೊಂದು, ಅವಳಿಗೆ ಏಳು ವರ್ಷವಿದ್ದಾಗ ಅವರ ಒಣಗುಮನೆ ಹೊತ್ತಿಕೊಂಡು ಚಳಿಗಾಲದ ಹಿಟ್ಟೆಲ್ಲ ಬೂದಿಯಾದ ದಿನ. ಆ ಸಲ ಹಸಿವಿನಲ್ಲಿ ಅವಳ ಪುಟ್ಟ ತಮ್ಮ ವಸಂತಕಾಲದವರೆಗೆ ಉಳಿಯಲಿಲ್ಲ.

ಅದೇ ವಾಸನೆ ಹತ್ತು ದಿನದ ಹಿಂದೆ ಕ್ರೈಸ್ತ ಸನ್ಯಾಸಿನಿಯರ ಮಠದ ಬೆಳಗಿನ ಕೀರ್ತನೆಯ ನಡುವೆ ಮೂಗಿಗೆ ಬಡಿದಿತ್ತು. ಮಳೆ ಜೋರಾಗಿದ್ದರಿಂದ ಮಠದ ಒಣಗುಮನೆಯ ಒಲೆಯನ್ನು ವಾರ ಮೊದಲೇ ಹಚ್ಚಿದ್ದರು. ಮೌನ ಪಾಲಿಸುವ ಮಠ. ಹೊಸದಾಗಿ ಸೇರಿದ್ದ ಹುಡುಗಿಗೆ ಅದನ್ನು ಯಾರೂ ಹೇಳಿರಲಿಲ್ಲ. "ಬೆಂಕಿ! ಬೆಂಕಿ!" ಎಂದು ಜೆಲಿಂದಾ ಕಿರುಚಿಬಿಟ್ಟಳು. ಹಿಂದೊಮ್ಮೆ ಸರ್ಕಾರದವರು ಮಠವನ್ನು ಮುಟ್ಟುಗೋಲು ಹಾಕಿಕೊಳ್ಳಲು ಬಂದ ದಿನವೂ ನಿಲ್ಲದಿದ್ದ ಕೀರ್ತನೆ ಅರ್ಧಕ್ಕೆ ನಿಂತಿತು. ಓಡುವ ಗಡಿಬಿಡಿಯಲ್ಲಿ ಎಂಬತ್ತು ದಾಟಿದ ಮದರ್ ಇಲ್ದೆಗೋಂಡಾ ಮೆಟ್ಟಿಲ ಮೇಲೆ ಜಾರಿ ಬಲಗೈ ಮುರಿದುಕೊಂಡರು. ಬೆಂಕಿ ಎಲ್ಲಿಯೂ ಬಿದ್ದಿರಲಿಲ್ಲ.

ಇವತ್ತು ಜೆಲಿಂದಾ ದೀಕ್ಷೆ ಪಡೆದು ಮಠದಲ್ಲಿ ಉಳಿಯಬಹುದೋ ಇಲ್ಲವೋ ಎಂದು ಹನ್ನೊಂದು ಮಂದಿ ಸನ್ಯಾಸಿನಿಯರು ಬಾಗಿಲು ಹಾಕಿಕೊಂಡು ತೀರ್ಮಾನಿಸುತ್ತಿದ್ದರು. ಪೆಟ್ಟಿಗೆಯೊಳಗೆ ಒಪ್ಪಿಗೆಗೆ ಬಿಳಿಕಾಳು, ಬೇಡವೆಂದರೆ ಕರಿಕಾಳು. ಅವಳು ಊರಿನಿಂದ ಉಟ್ಟು ಬಂದಿದ್ದ ನೀಲಿ ಉಡುಪನ್ನು, ಮರಳಿ ಹೋಗಬೇಕಾದರೆ ಇರಲಿ ಎಂದು ಒಗೆದು, ಮಡಚಿ, ಅಡುಗೆಮನೆಯ ಬೆಂಚಿನ ಮೇಲೆ ಇಟ್ಟಾಗಿತ್ತು.

"ಏ ಹುಡುಗಿ, ಈರುಳ್ಳಿ ಹೆಚ್ತಿದೀಯೋ, ಕೊಲ್ತಿದೀಯೋ?" ಅಡುಗೆಯ ಸಿಸ್ಟರ್ ಒಲೀವಾ ಗದರಿದಳು.

"ತಪ್ಪಾಯ್ತು ಸಿಸ್ಟರ್."

"ಅಡುಗೆಯವ್ರಿಗೆ ಮತ ಇಲ್ಲ ಕಣೆ. ಇದ್ದಿದ್ರೆ ಬಿಳಿಕಾಳು ಒಂದು ಹಿಡಿ ಸುರಿದು ಬರ್ತಿದ್ದೆ."

"ಉಳಿದೋರೆಲ್ಲ ಮದರ್ ಇಲ್ದೆಗೋಂಡಾ ಮುಖ ನೋಡ್ಕೊಂಡೇ ಕಾಳು ಹಾಕೋದಂತೆ. ಹತ್ತು ದಿನದಿಂದ ಚಮಚದಲ್ಲಿ ಉಣಿಸ್ತಿದೀನಿ. ಬಾಯಿ ತೆಗೀತಾರೆ, ನುಂಗ್ತಾರೆ. ಒಂದು ಮಾತಿಲ್ಲ," ಎಂದಳು ಜೆಲಿಂದಾ.

"ಅವ್ರು ದೇವ್ರ ಹತ್ರಾನೂ ಅಳೆದು ತೂಗಿ ಮಾತಾಡೋರು. ನೀನ್ಯಾವ ದೊಡ್ಡವಳು?"

ತೀರ್ಮಾನವಾಯಿತೆಂದು ಗಂಟೆ ಬಾರಿಸುವ ಹೊತ್ತು ಮೀರಿತು. ಸಭೆಯ ಬಾಗಿಲಿಗೆ ನೀರಿನ ಹೂಜಿ ಒಯ್ದಿದ್ದ ಒಲೀವಾ ಸೆರಗಿನಂಥ ತಲೆವಸ್ತ್ರ ಸರಿಮಾಡಿಕೊಳ್ಳುತ್ತ ಮರಳಿದಳು.

"ಕಾಳೆಲ್ಲ ನೆಲದ ಮೇಲಿದೆಯಂತೆ. ನಿನ್ನ ಮದರ್ರು ಎಡಗೈಲೇ ಹಾಕ್ತೀನಿ, ಯಾರ ಸಹಾಯಾನೂ ಬೇಡ ಅಂದ್ರಂತೆ. ಪೆಟ್ಟಿಗೇನೇ ಉರುಳಿಸಿದಾರೆ. ಮತ್ತೆ ಮೊದಲಿಂದ."

"ಅಷ್ಟು ಹಟ ಯಾಕೆ ಸಿಸ್ಟರ್?"

ಒಲೀವಾ ಬಿಸಿ ಬ್ರೆಡ್ಡಿನ ಅಂಚು ಮುರಿದು ಹುಡುಗಿಯ ಕೈಗೆ ತುರುಕಿದಳು. ಜೆಲಿಂದಾ ಅದನ್ನು ಹಾಗೇ ಬೆಂಚಿನ ಮೇಲಿಟ್ಟಳು. ಅಷ್ಟು ಹಟ ಹಿಡಿದು ಹಾಕುವುದು ಕರಿಕಾಳನ್ನೇ ಇರಬೇಕು ಎಂದು ಅವಳಿಗೆ ಅನ್ನಿಸಿತು. ಅವಳ ಕಣ್ಣು ಆ ನೀಲಿ ಉಡುಪಿನಿಂದ ಕದಲಲಿಲ್ಲ.

ಗಂಟೆ ಮೊಳಗಿತು.

ಆ ಮಠದಲ್ಲಿ ತೀರ್ಮಾನವನ್ನು ಬಾಯಲ್ಲಿ ಹೇಳುವ ಪದ್ಧತಿಯಿಲ್ಲ. ಬೇಡವಾದವಳಿಗೆ ಅತಿಥಿಗಳ ಪಿಂಗಾಣಿ ತಟ್ಟೆಯಲ್ಲಿ ಊಟ ಕೊಟ್ಟು, ಹೊರಬಾಗಿಲ ಕೋಣೆ ತೋರಿಸುತ್ತಾರೆ. ಬೇಕಾದವಳಿಗೆ ಸನ್ಯಾಸಿನಿಯರ ಮರದ ಬಟ್ಟಲು. ತಟ್ಟೆ, ಬಟ್ಟಲು ಎರಡೂ ಊಟದ ಮನೆಯ ಒಂದೇ ಹಲಗೆಯ ಮೇಲಿರುತ್ತವೆ.

ಜೆಲಿಂದಾ ಊಟದ ಮನೆಯ ಬಾಗಿಲ ಬಳಿ ಮೊಣಕಾಲೂರಿ ತಲೆ ತಗ್ಗಿಸಿದಳು. ಸನ್ಯಾಸಿನಿಯರು ಸಾಲಾಗಿ ಬಂದು ತಮ್ಮ ತಮ್ಮ ಜಾಗದಲ್ಲಿ ಕುಳಿತರು. ಒಬ್ಬರ ಹೆಜ್ಜೆ ಮಾತ್ರ ನಿಧಾನವಾಗಿ ಹಲಗೆಯ ಕಡೆ ಸಾಗಿತು. ಅವಳು ಕದ್ದು ನೋಡಿದಳು. ಬಲಗೈಯನ್ನು ಕೊರಳಿಗೆ ಕಟ್ಟಿಕೊಂಡಿದ್ದ ಮದರ್ ಇಲ್ದೆಗೋಂಡಾ ಎಡಗೈ ಚಾಚಿ ಪಿಂಗಾಣಿ ತಟ್ಟೆಯನ್ನು ಹಿಡಿದುಕೊಂಡರು.

ಜೆಲಿಂದಾ ಕಣ್ಣು ಮುಚ್ಚಿಕೊಂಡಳು. ಹಲಗೆಯ ಮೇಲೆ ಏನೋ ಸರಿದ ಸದ್ದಾಯಿತು. ಒಲೀವಾಳ ಸೌಟು ಪಾತ್ರೆಗೆ ತಾಗಿತು. ಚೆಸ್ಟ್‌ನಟ್ ಹಿಟ್ಟಿನ ಗಂಜಿಯ ವಾಸನೆ ಹತ್ತಿರ ಬಂದಿತು. ಅದರಲ್ಲಿ ತುಸು ಹೊಗೆಯೂ ಇತ್ತು.

ಕಣ್ಣು ತೆರೆದರೆ, ಬಟ್ಟಲಿಗೆ ಅಡ್ಡವಿದ್ದ ತಟ್ಟೆ ಹಲಗೆಯ ಮೂಲೆಗೆ ಸರಿದಿತ್ತು. ಎದುರಿಗೆ ಚಾಚಿದ ಎಡಗೈ, ಅದರಲ್ಲಿ ಮರದ ಬಟ್ಟಲು. ಗಂಜಿ ಅಂಚಿನಿಂದ ತುಳುಕಿ ಮುದುಕಿಯ ಬೆರಳ ಮೇಲೆ ಇಳಿಯುತ್ತಿತ್ತು. ಸುಡುತ್ತಿರಬೇಕು. ಆದರೂ ಜೆಲಿಂದಾ ಎರಡೂ ಕೈಯಲ್ಲಿ ಹಿಡಿದುಕೊಳ್ಳುವವರೆಗೆ ಮದರ್ ಇಲ್ದೆಗೋಂಡಾ ಬಟ್ಟಲನ್ನು ಬಿಡಲಿಲ್ಲ.